ಚಮಚದಲ್ಲಿ ಉಜ್ಜಿದವರಿಗೆಲ್ಲ ಥ್ಯಾಂಕ್ಸ್

ಡಿಸ್ಪ್ಲೇ ಮುಗೀತು, ವೈವಾ ಮುಗೀತು, ರಿಸಲ್ಟೂ ಬಂತು, ಪಾಸಾಗಿದೀನಿ. ಬಿವಿಎ, ಅಂದ್ರೆ ಚಿತ್ರಕಲೆ ಡಿಗ್ರಿ, ಅದ್ರಲ್ಲಿ ಪ್ರಿಂಟ್‌ಮೇಕಿಂಗ್. ಊರಲ್ಲಿ ಕೇಳಿದ್ರೆ ಇವತ್ತಿಗೂ "ಡ್ರಾಯಿಂಗ್ ಓದ್ತಾ ಇದಾಳೆ" ಅಂತಾರೆ, ಇರ್ಲಿ ಬಿಡಿ. ಸ್ಟೇಟಸ್‌ಗೆ ಎರಡು ಫೋಟೋ ಹಾಕಿ ಸುಮ್ನಾಗೋಣ ಅಂತಿದ್ದೆ, ಆದ್ರೆ ಗೋಡೆ ಮೇಲಿದ್ದ, ಮರ ಕೆತ್ತಿ ಒತ್ತಿದ ಅಡಿಕೆ ಸುಲಿಯೋ ಹೆಂಗಸರ ಪ್ರಿಂಟ್‌ಗಳನ್ನ ನೋಡಿ "ಎಷ್ಟು ಕಷ್ಟಪಟ್ಟಿದೀಯ" ಅಂತ ನನಗೊಬ್ಬಳಿಗೇ ಹೇಳ್ತಿದ್ದಾರಲ್ಲ, ಅದು ಕೇಳೋವಾಗ ಒಂಥರಾ ಆಗುತ್ತೆ. ಕೆತ್ತಿದ್ದು ನಾನು, ಹೌದು. ಒತ್ತಿದ್ದು ಅರ್ಧ ಹಾಸ್ಟೆಲ್ಲು. ಅದಕ್ಕೇ ಇದು. ಹೆಸರು ಹಾಕ್ತಿಲ್ಲ, ಯಾರಿಗೆ ಏನು ಅಂತ ಓದಿದ್ರೆ ನಿಮಗೇ ಗೊತ್ತಾಗುತ್ತೆ.

ಗೊತ್ತಿಲ್ಲದವರಿಗೆ: ಕೊನೇ ಸೆಮಿಸ್ಟರ್ ನಡುವಲ್ಲಿ ಕಾಲೇಜಿನ ಪ್ರಿಂಟ್ ಒತ್ತೋ ಪ್ರೆಸ್ ಕೆಟ್ಟು ಕೂತ್ಕೊಳ್ತು. ಗೇರ್ ಹಲ್ಲು ಮುರಿದಿದೆ ಅಂದ್ರು, ಕೊಟೇಶನ್ ಬೇಕು ಅಂದ್ರು, ಇನ್ನೊಂದು ಕೊಟೇಶನ್ ಬೇಕು ಅಂದ್ರು, ಆಮೇಲೆ ಸಹಿ ಮಾಡೋರು ರಜಾ ಅಂದ್ರು. ಎಚಿಂಗ್ ಮಾಡೋದಂತೂ ಪ್ರೆಸ್ ಇಲ್ದೆ ಆಗದ ಮಾತು, ಯಾಕಂದ್ರೆ ಅದ್ರಲ್ಲಿ ಇಂಕ್ ಇರೋದು ಜಿಂಕ್ ಪ್ಲೇಟಿನ ಗೀರುಗಳ ಒಳಗೆ, ಒದ್ದೆ ಪೇಪರ್ ಅಷ್ಟು ಒಳಗಿಳಿದು ಎತ್ಕೊಂಡು ಬರ್ಬೇಕಂದ್ರೆ ರೋಲರ್ ಭಾರ ಬೇಕೇ ಬೇಕು. ವುಡ್‌ಕಟ್ ಹಾಗಲ್ಲ. ಅಲ್ಲಿ ಕೆತ್ತದೇ ಬಿಟ್ಟ ಜಾಗ ಕಪ್ಪು, ಕೆತ್ತಿ ತೆಗೆದಿದ್ದು ಬಿಳಿ, ಇಂಕ್ ಮೇಲ್ಗಡೆನೇ ಇರುತ್ತೆ. ಪೇಪರ್ ಹಾಸಿ ಹಿಂದಿನಿಂದ ಸ್ಟೀಲ್ ಚಮಚದ ಬೆನ್ನಲ್ಲಿ ಉಜ್ಜಿದ್ರೆ ಪ್ರಿಂಟ್ ಬರುತ್ತೆ. ಬರುತ್ತೆ ಅನ್ನೋದು ಸುಲಭ, ನಾಲ್ಕಡಿ ಪ್ಲೈವುಡ್ ಶೀಟನ್ನ ಒಂದಿಂಚೂ ಬಿಡ್ದೆ ಉಜ್ಜಿ ನೋಡಿ, ಮೊಣಕೈವರೆಗೆ ಜೀವ ಹೋಗುತ್ತೆ. ನನ್ನ ಮಣಿಕಟ್ಟು ಊದ್ಕೊಂಡು ಪೆನ್ಸಿಲ್ ಹಿಡಿಯೋಕೂ ಆಗ್ತಿರ್ಲಿಲ್ಲ, ಡಾಕ್ಟ್ರು ಪಟ್ಟಿ ಕಟ್ಟಿ ರೆಸ್ಟ್ ಮಾಡಿ ಅಂದ್ರು, ಸಬ್ಮಿಷನ್ ಡೇಟಿಗೆ ರೆಸ್ಟ್ ಅಂದ್ರೆ ಏನು ಗೊತ್ತಾಗುತ್ತಾ?

ಆವಾಗ ಬಂದವರು ನೀವು. ಮೊದಲು ರೂಮ್‌ಮೇಟ್, ಆಮೇಲೆ ಅವಳ ಪಕ್ಕದ ರೂಮಿನ ಬಿಕಾಂ ಹುಡುಗೀರು, ಆಮೇಲೆ ಕೆಳಗಿನ ಅಡುಗೆಮನೆಯ ಅಕ್ಕ ತನ್ನದೇ ಸೌಟು ತಗೊಂಡು ಬಂದು "ನಿಮ್ಮ ಚಮಚ ಸಣ್ಣದಾಯ್ತು ಕಣವ್ವ" ಅಂದ್ರಲ್ಲ, ಆ ಸೌಟಿನ ಬೆನ್ನಲ್ಲೇ ದೊಡ್ಡ ಕಪ್ಪೆಲ್ಲಾ ಎದ್ದಿದ್ದು. ಅಕ್ಕ, ಸೌಟಿಗೆ ಅಂಟಿದ ಇಂಕ್ ಹೋಯ್ತಾ ಇಲ್ವಾ ನಾನು ಇನ್ನೂ ಕೇಳಿಲ್ಲ, ಕೇಳೋಕೆ ಭಯ.

ಆಫ್‌ಸೆಟ್ ಪ್ರೆಸ್ ಅಣ್ಣಂಗೆ ಬೇರೆನೇ ಥ್ಯಾಂಕ್ಸ್ ಹೇಳ್ಬೇಕು. ಡಬ್ಬಿ ತಳದಲ್ಲಿ ಉಳಿದ ಕಪ್ಪು ಇಂಕು, ಕಟಿಂಗ್‌ನಲ್ಲಿ ಉಳಿದ ಪೇಪರ್ ಪಟ್ಟಿಗಳು, ಮದುವೆ ಕಾರ್ಡ್ ಸೀಸನ್ ಮಧ್ಯದಲ್ಲೂ "ಅಲ್ಲಿ ಕಟ್ಟಿಟ್ಟಿದೀನಿ ತಗೊಂಡೋಗಮ್ಮ". ದುಡ್ಡು ಅಂದ್ರೆ "ಆಮೇಲೆ ನೋಡೋಣ". ಆರ್ಟ್ ಮೆಟೀರಿಯಲ್ ಅಂಗಡಿ ರೇಟಲ್ಲಿ ಅಷ್ಟು ಇಂಕ್ ತಗೊಂಡಿದ್ರೆ ಅಪ್ಪನ ಹತ್ರ ಏನು ಹೇಳ್ತಿದ್ನೋ ಗೊತ್ತಿಲ್ಲ.

ಒಬ್ಬೊಬ್ಬರ ಕೈ ಒಂದೊಂದು ಥರ ಅಂತ ನನಗೆ ಪುಸ್ತಕ ಓದಿದ್ರೂ ಗೊತ್ತಾಗ್ತಿರ್ಲಿಲ್ಲ. ರೂಮ್‌ಮೇಟ್ ಉಜ್ಜಿದ್ದು ಗಟ್ಟಿ ಕಪ್ಪು, ಮೂಲೆಮೂಲೆನೂ ಬಿಟ್ಟಿಲ್ಲ. ಬಿಕಾಂ ಹುಡುಗಿ ಒಬ್ಳು ಫೋನಲ್ಲಿ ಮಾತಾಡ್ತಾ ಉಜ್ಜಿದ್ದು, ಮಾತು ಜೋರಾದ ಕಡೆ ಕಪ್ಪು ಜೋರು, ಸುಮ್ನೆ ಕೇಳಿಸ್ಕೊಂಡ ಕಡೆ ಮರದ ನರ ಬೂದುಬೂದಾಗಿ ಕಾಣುತ್ತೆ. ಎಡಿಷನ್ ಅಂದ್ರೆ ಒಂದೇ ಬ್ಲಾಕಿಂದ ತೆಗೆದ ಎಲ್ಲಾ ಕಾಪಿನೂ ಒಂದೇ ಥರ ಇರ್ಬೇಕು, ಅದು ನಿಯಮ, ಪ್ರಿಂಟಿನ ಕೆಳಗೆ ಪೆನ್ಸಿಲಲ್ಲಿ ಎಷ್ಟರಲ್ಲಿ ಎಷ್ಟನೇದು ಅಂತ ನಂಬರ್ ಬರೀತಾರೆ. ನಮ್ದು ಒಂದೂ ಒಂದರ ಥರ ಇಲ್ಲ. ಇಂಥದ್ದಕ್ಕೆ ಇ.ವಿ. ಅಂತ ಗುರುತು ಹಾಕೋ ಪದ್ಧತಿನೂ ಇದೆ, ಬೇರೆಬೇರೆಯಾಗೇ ಬಂದ ಎಡಿಷನ್ ಅಂತ. ನಾನು ಅದನ್ನ ಹಾಕಿ, ಪ್ರತಿ ಪ್ರಿಂಟಿನ ಹಿಂದೆ ಯಾರು ಉಜ್ಜಿದ್ದು ಅಂತ ಹೆಸರು ಬರ್ದೆ. ವೈವಾದಲ್ಲಿ ಕೇಳಿದ್ರು, ಇದೇನಿದು ಅಂತ.

ಜಪಾನಿನ ಕಲಾವಿದ ಹೊಕುಸಾಯಿ ಬಗ್ಗೆ ಹೇಳ್ದೆ. ಎಲ್ಲರ ಟೀಶರ್ಟ್ ಮೇಲಿರೋ ಆ ದೊಡ್ಡ ಅಲೆ, 1831ರ ಆಸುಪಾಸಿನದು, ಅದು ಯಾವ ಪ್ರೆಸ್ಸಿಗೂ ಹೋದದ್ದಲ್ಲ, ಬರೆನ್ ಅನ್ನೋ ದುಂಡಗಿನ ಪ್ಯಾಡಿನಲ್ಲಿ ಕೈಲೇ ಉಜ್ಜಿ ತೆಗೆದಿದ್ದು. ಹೊಕುಸಾಯಿ ಬರೆದುಕೊಟ್ಟ ಡ್ರಾಯಿಂಗು, ಮರ ಕೆತ್ತಿದವರು ಬೇರೆ, ಬಣ್ಣ ಹಾಕಿ ಒತ್ತಿದವರು ಬೇರೆ, ದುಡ್ಡು ಹಾಕಿದ ಪಬ್ಲಿಷರ್ ಬೇರೆ. ಆ ನೊರೆಯ ಉಗುರುಗಳನ್ನ ಅಷ್ಟು ಸಣ್ಣದಾಗಿ ಮರದಲ್ಲಿ ಬಿಡಿಸಿದ ಕೈ ಯಾರದ್ದು ಅಂತ ಯಾರ ಬಾಯಲ್ಲೂ ಬರಲ್ಲ. ಎಕ್ಸ್ಟರ್ನಲ್ ಎಗ್ಸಾಮಿನರ್ ತಲೆ ಆಡಿಸಿದ್ರು. ಒಪ್ಪಿದ್ರೋ ಟೀ ಟೈಮ್ ಆಗಿತ್ತೋ ಗೊತ್ತಿಲ್ಲ.

ನಮ್ಮ ಮೇಷ್ಟ್ರಿಗೆ. ಸರ್, ನೀವು ಮೊದಲ ವರ್ಷ ಕ್ರಿಟ್‌ನಲ್ಲಿ (ಎಲ್ಲರೂ ಸೇರಿ ಒಬ್ಬರ ಕೆಲಸದ ಬಗ್ಗೆ ಮಾತಾಡೋ ಕ್ಲಾಸು) ಮಾಡಿದ ರೂಲ್ ನಮಗೆಲ್ಲಾ ಹಿಂಸೆ ಆಗಿತ್ತು. ಮಾಡಿದವರು ಬಾಯಿ ಬಿಡೋ ಹಾಗಿಲ್ಲ. ಉಳಿದವರು ಮೊದಲ ಸುತ್ತಲ್ಲಿ ಕಂಡಿದ್ದನ್ನ ಮಾತ್ರ ಹೇಳ್ಬೇಕು, ಚೆನ್ನಾಗಿದೆ, ಚೆನ್ನಾಗಿಲ್ಲ, ಫೀಲ್ ಬರ್ತಿದೆ, ಇದ್ಯಾವುದೂ ಇಲ್ಲ. "ಎಡಗಡೆ ಒಂದು ಕಿಟಕಿ. ಕಿಟಕಿಗೆ ಸರಳಿಲ್ಲ. ಬೆಳಕು ಬಲಗಡೆಯಿಂದ ಬಂದಿದೆ." ಹೀಗೆ. ನಿಂತು ನಿಂತು ಕಾಲು ನೋಯ್ತಿತ್ತು, ಹೇಳೋಕೆ ಏನೂ ಉಳಿದಿಲ್ಲ ಅಂದಾಗ ನೀವು "ಇನ್ನೂ ನೋಡಿ" ಅಂತಿದ್ರಿ, ಆವಾಗ್ಲೇ ಯಾರಾದ್ರೂ "ಕಿಟಕಿ ಬೆಳಕು ಎಡಗಡೆಯಿಂದ ಬರ್ಬೇಕಿತ್ತಲ್ವಾ" ಅಂತಿದ್ರು. ಕಂಡಿದ್ದನ್ನ ಹೇಳೋದು ಅಭಿಪ್ರಾಯ ಹೇಳೋದಕ್ಕಿಂತ ಕಷ್ಟ ಸರ್. ಅಭಿಪ್ರಾಯ ಬಾಗಿಲಲ್ಲಿ ನಿಂತೇ ಹೇಳ್ಬೋದು. ಈಗ ಯಾರಾದ್ರೂ ನನ್ನ ಕೆಲಸದ ಮುಂದೆ ಒಂದು ನಿಮಿಷಕ್ಕಿಂತ ಜಾಸ್ತಿ ನಿಂತ್ರೆ ಅವರು ಬೈದ್ರೂ ನನಗೆ ಖುಷಿ. ಹಾಗಂತ ದೊಡ್ಡ ದೊಡ್ಡ ಪದ ಉದುರಿಸಿ ಕ್ಯಾನ್ವಾಸ್ ಕಡೆ ತಿರುಗೂ ನೋಡದೇ ಹೋಗೋರೂ ಇದಾರೆ, ಅವರಿಗಿಂತ "ಸೂಪರ್" ಅನ್ನೋರೇ ವಾಸಿ, ಟೈಮಾದ್ರೂ ಉಳಿಸ್ತಾರೆ.

ಇನ್ನು ಕ್ಲಾಸಿನ ಆ ಮಹಾಶಯ. ನಿನ್ನ ಹೆಸರು ಹಾಕಲ್ಲ, ಹಾಕಿದ್ರೆ ತಲೆ ಮೇಲೆ ಕೂರ್ತೀಯ. ಅಡಿಕೆ ಸುಲಿಯೋ ಹೆಂಗಸರ ಮೊದಲ ಪ್ರೂಫ್, ಅಂದ್ರೆ ಪರೀಕ್ಷೆಗೆ ಒತ್ತಿದ ಕಾಪಿ, ಹಾಕಿದಾಗ ಎಲ್ಲರೂ ಒಳ್ಳೇದೇ ಹೇಳಿದ್ರು. ನೀನೊಬ್ಬ ಎರಡನೇ ಸುತ್ತಲ್ಲಿ, "ಎಲ್ಲಾ ಮುಖನೂ ಕನಿಕರ ಕೇಳ್ತಾ ಇವೆ, ಇವ್ರು ನಿಜವಾಗ್ಲೂ ಸುಲಿಯೋವಾಗ ಹಿಂಗಿರ್ತಾರಾ?" ಅಂದೆ. ಎರಡು ದಿನ ನಿನ್ನ ಜೊತೆ ಮಾತಾಡ್ಲಿಲ್ಲ ನಾನು. ಇಲ್ಲ ಕಣೋ, ಇರಲ್ಲ. ಸುಗ್ಗಿ ಟೈಮಲ್ಲಿ ರಾತ್ರಿ ನಮ್ಮನೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತವರು ನಗ್ತಾ ಇರ್ತಾರೆ, ಊರಿನವರ ಮೇಲೆಲ್ಲಾ ಚಾಡಿ, ಯಾರ ಮನೆ ಮದುವೆ ಮುರೀತು, ಯಾರು ಬೈಕ್ ತಗೊಂಡ್ರು. ಕೈ ಮಾತ್ರ ನಿಲ್ಲಲ್ಲ.

ಅವಾಗ್ಲೇ ಲೈಬ್ರರಿ ಮೇಡಂ ಒಂದು ಪುಸ್ತಕ ತೆಗೆದುಕೊಟ್ರು, ಕ್ಯಾಥೆ ಕೋಲ್ವಿಟ್ಜ್ ಅಂತ ಜರ್ಮನಿಯ ಕಲಾವಿದೆದು. (ಮೇಡಂ, ರೆಫರೆನ್ಸ್ ಸೆಕ್ಷನ್ ಪುಸ್ತಕ ಹೊರಗೆ ಕೊಟ್ಟಿದ್ದು ಯಾರಿಗೂ ಹೇಳಲ್ಲ.) 1914ರ ಯುದ್ಧದಲ್ಲಿ ಚಿಕ್ಕ ಮಗ ಪೀಟರ್ ಸತ್ತ. ಎಚಿಂಗ್, ಲಿಥೋ (ಕಲ್ಲಿನ ಮೇಲೆ ಬರೆದು ಒತ್ತೋದು) ಎಲ್ಲಾದ್ರಲ್ಲೂ ಪಳಗಿದ ಕೈ ಅವರದ್ದು, ಆದ್ರೂ ಈ ವಿಷಯ ಅದ್ರಲ್ಲಿ ಕೂರ್ತಿರ್ಲಿಲ್ಲ. 1920ರಲ್ಲಿ ಅರ್ನ್ಸ್ಟ್ ಬಾರ್ಲಾಖ್ ಅನ್ನೋ ಜರ್ಮನ್ ಶಿಲ್ಪಿಯ ವುಡ್‌ಕಟ್ ನೋಡಿ ತಾನೂ ಮರಕ್ಕೆ ಬಂದ್ರು, ಆಮೇಲೆ ಯುದ್ಧದ ಮೇಲೆ ಏಳು ವುಡ್‌ಕಟ್‌ಗಳ ಸರಣಿ ಮಾಡಿದ್ರು. ಅದ್ರಲ್ಲಿ ಅಪ್ಪ ಅಮ್ಮ ಇರೋ ಒಂದು ಪ್ರಿಂಟ್ ಇದೆ. ಮುಖನೇ ಇಲ್ಲ. ಅಪ್ಪ ಕೈಲಿ ಮುಖ ಮುಚ್ಕೊಂಡಿದಾರೆ, ಅಮ್ಮ ಬಗ್ಗಿ ಅವರೊಳಗೆ ಹೂತುಹೋಗಿದಾರೆ, ಎರಡೂ ಸೇರಿ ಒಂದು ಕಪ್ಪು ಗುಡ್ಡೆ. ಅಳು ತೋರ್ಸೋಕೆ ಕಣ್ಣೀರು ಬೇಕಾಗೇ ಇಲ್ಲ. ನಾನು ಹಾಸ್ಟೆಲ್ಲಿಗೆ ಬಂದು ನನ್ನ ಬ್ಲಾಕಲ್ಲಿದ್ದ ಮುಖಗಳನ್ನೆಲ್ಲಾ ಕೆತ್ತಿ ತೆಗೆದೆ. ವುಡ್‌ಕಟ್‌ನಲ್ಲಿ ಕಂಪ್ಯೂಟರ್ ಥರ "ಅನ್‌ಡೂ" ಬಟನ್ ಇಲ್ಲ, ತೆಗೆದಿದ್ದು ವಾಪಸ್ ಬರಲ್ಲ, ಉಳಿ ಇಡೋವಾಗ ಕೈ ನಡುಗ್ತಿತ್ತು. ಈಗ ಅಲ್ಲಿ ಮುಖದ ಜಾಗ ಖಾಲಿ ಬಿಳಿ, ಕೈಗಳು ಮಾತ್ರ ಕಪ್ಪು. ನೋಡಿದವರೆಲ್ಲಾ ಆ ಕೈ ಬಗ್ಗೆನೇ ಮಾತಾಡಿದ್ರು. ಥ್ಯಾಂಕ್ಸ್ ಕಣೋ, ಚಹಾ ಕುಡಿಸ್ತೀನಿ, ಊಟ ಕೇಳ್ಬೇಡ.

ಬೆಂಗಳೂರಿನ ಚಿತ್ರಸಂತೆಯಲ್ಲಿ ಸೀನಿಯರ್ ಒಬ್ರು ತಮ್ಮ ಸ್ಟಾಲಿನ ಮೂಲೇಲಿ ನನ್ನ ಪುಟ್ಟ ಲಿನೋಕಟ್‌ಗಳನ್ನ (ಮರದ ಬದಲು ಲಿನೋಲಿಯಂ ಶೀಟ್ ಕೆತ್ತಿ ಒತ್ತಿದ್ದು) ಇಟ್ಕೊಳ್ಳೋಕೆ ಬಿಟ್ರು, ಅವರಿಗೂ ಥ್ಯಾಂಕ್ಸ್. ಕುಮಾರಕೃಪಾ ರಸ್ತೆ ತುಂಬಾ ಜನ, ಜನ ಅಂದ್ರೆ ಜನ, 2003ರಲ್ಲಿ ಚಿತ್ರಕಲಾ ಪರಿಷತ್ತಿನವರು ಶುರುಮಾಡಿದಾಗ ಇಷ್ಟಾಗುತ್ತೆ ಅಂತ ಅಂದ್ಕೊಂಡಿದ್ರೋ ಇಲ್ವೋ. ಹೆಚ್ಚಿನವರು ರೇಟ್ ಕೇಳಿ ಮುಂದೆ ಹೋಗ್ತಾರೆ, ತಪ್ಪೇನಿಲ್ಲ, ಸಂತೆ ಅಂದ್ಮೇಲೆ ರೇಟ್ ಕೇಳ್ಲೇಬೇಕು. ಒಬ್ಬ ಹುಡುಗ, ಎಂಟೊಂಬತ್ತು ವರ್ಷ ಇರ್ಬೋದು, ಅಪ್ಪನ ಕೈ ಎಳೆದು ನಿಲ್ಲಿಸಿದ. ಭತ್ತ ಕೊಯ್ಯೋ ಹೆಂಗಸರ ಪ್ರಿಂಟ್ ಅದು. "ಆಂಟಿ, ಇವ್ರೆಲ್ಲಾ ಎಡಚರಾ?" ಪ್ರಿಂಟಲ್ಲಿ ಎಲ್ಲಾ ತಿರುಗುಮುರುಗಾಗಿ ಬರುತ್ತೆ, ಕುಡುಗೋಲು ಎಡಗೈಗೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು, ಬೇಕಂತಲೇ ಹಾಗೇ ಬಿಟ್ಟಿದ್ದೆ. ಆದ್ರೆ ಕಾಲೇಜಲ್ಲಿ ಅಷ್ಟು ಜನ ನೋಡಿದ್ರೂ ಯಾರೂ ಕೇಳಿರ್ಲಿಲ್ಲ, ನಮ್ಮ ಕಣ್ಣಿಗೆಲ್ಲಾ ಉಲ್ಟಾನೇ ಸೀದಾ ಆಗೋಗಿದೆ. (ಆಂಟಿ ಅಂದಿದ್ದು ಮಾತ್ರ ಕ್ಷಮಿಸಲ್ಲ.) ಅವರಪ್ಪ ಪ್ರಿಂಟ್ ತಗೊಳ್ಲಿಲ್ಲ, ಹುಡುಗ ಪೂರ್ತಿ ನೋಡ್ಕೊಂಡು ಹೋದ, ಸಾಕು.

ಮೈಸೂರಿನ ಜಗನ್ಮೋಹನ ಅರಮನೆಗೆ ಭಾನುವಾರ ಭಾನುವಾರ ಹೋಗ್ತಿದ್ದೆ, ಚಿತ್ರ ನೋಡೋಕೆ ಅಂತ ಹೋಗಿ ಚಿತ್ರ ನೋಡೋ ಜನರನ್ನ ನೋಡ್ತಾ ಕೂತಿರ್ತಿದ್ದೆ. ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಗುಂಪು ಕಟ್ಟುತ್ತೆ, ಒಬ್ರಲ್ಲ ಒಬ್ರು "ರವಿವರ್ಮನ್ದು" ಅಂದೇ ಅಂತಾರೆ. ಅದು ಎಸ್.ಎಲ್. ಹಳದಣಕರ್ ಅವರದ್ದು, ಅದೂ ಜಲವರ್ಣ, ಆಯಿಲ್ ಅಲ್ಲ. ದೀಪ ಹಿಡಿದು ನಿಂತಿದ್ದು ಅವರ ಮಗಳು ಗೀತಾ, 2018ರಲ್ಲಿ 102ನೇ ವಯಸ್ಸಲ್ಲಿ ತೀರ್ಕೊಂಡ್ರು. ಪೇಪರ್ ಬಿಳಿಯನ್ನ ಉಳಿಸ್ಕೊಂಡು ಬೆಳಕು ಮಾಡೋದು ಅಪ್ಪನ ಕೈಚಳಕ, ಬೆರಳ ಸಂದಿಂದ ಆ ಬೆಳಕು ಕೆಂಪಾಗಿ ಸೋರೋವರೆಗೂ ಅಲುಗಾಡದೆ ನಿಂತಿದ್ದು ಮಗಳು. ನನಗೂ ಹಾಗೇ ಅಲ್ಲಾಡದೆ ಕೂತುಕೊಟ್ಟ ರೂಮ್‌ಮೇಟ್‌ಗೆ, ಮೆಟ್ಟುಗತ್ತಿ ಇಲ್ದೇ ಸ್ಟೂಲ್ ಮುಂದೆ ಕೂತು ಸುಲಿಯೋ ಹಾಗೆ ಕೈ ಇಟ್ಕೊಂಡು ಕಾಲು ಜೋಮು ಹಿಡಿಸ್ಕೊಂಡವಳಿಗೆ, ಏನು ಹೇಳ್ಲಿ.

ಕೊನೆಗೆ ಅಜ್ಜಿ. ಅವರು ಇದನ್ನ ಓದಲ್ಲ, ಅಮ್ಮ ಓದಿ ಹೇಳ್ಬೇಕು.

ನಮ್ಮದು ಸಾಗರದ ಕಡೆ, ದೀವರು ಅನ್ನೋ ಸಮುದಾಯದ ಮನೆ. ಹಸೆ ಚಿತ್ತಾರ ನೀವು ಎಲ್ಲಾದ್ರೂ ನೋಡಿರ್ತೀರ, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಈಗ ಫ್ರೇಮಲ್ಲಿ, ಪರ್ಸ್ ಮೇಲೆ, ಹೋಟೆಲ್ ಗೋಡೆ ಮೇಲೆಲ್ಲಾ ಇದೆ. ಅಜ್ಜಿ ಎಷ್ಟೋ ಮದುವೆಗೆ ಬರೆದವರು, ಭೂಮಿ ಹುಣ್ಣಿಮೆ ಬಂದ್ರೆ ಗದ್ದೆಗೆ ನೈವೇದ್ಯ ಒಯ್ಯೋ ಭೂಮಣ್ಣಿ ಬುಟ್ಟಿಗೆ ಈಗಲೂ ಅವರೇ ಬರೀಬೇಕು. ರಜೆಲಿ ಪ್ರೂಫ್ ಸುರುಳಿ ತಗೊಂಡು ಹೋಗಿ ಜಗಲಿ ಮೇಲೆ ಬಿಚ್ಚಿ ತೋರ್ಸಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ರು, ಎಳೆ ಮೇಲೆ ಬೆರಳಿಟ್ಟು ಉದ್ದಕ್ಕೂ ಹೋದ್ರು. ಆಮೇಲೆ, "ಇದ್ರ ಮುಂದೆ ಯಾರು ಕೂರ್ತಾರೆ ಮಗಾ?"

ಯಾರೂ ಕೂರಲ್ಲ ಅಜ್ಜಿ, ಇದು ಗೋಡೆಗೆ ಹಾಕಿ ನೋಡೋದು ಅಂದೆ. "ಮತ್ತೆ ಎಂತಕ್ಕೆ ಇಷ್ಟು ದೊಡ್ಡದು?" ಅಂದ್ರು. ಹಸೆ ಚಿತ್ತಾರ ಬರೆಯೋದೇ ಮದುಮಕ್ಕಳು ಅದರ ಮುಂದೆ ಹಸೆ ಮೇಲೆ ಕೂರ್ಲಿ ಅಂತ. ಮುಂದೆ ಜನ ಕೂತ ಮೇಲೇ ಅದು ಪೂರ್ತಿ ಆಗೋದು. ನಾಲ್ಕು ವರ್ಷ ಸ್ಪೇಸ್, ಸ್ಕೇಲ್, ವ್ಯೂವರ್ ಅಂತೆಲ್ಲಾ ನೋಟ್ಸ್ ಬರ್ಕೊಂಡಿದೀನಿ, ಈ ಪ್ರಶ್ನೆ ಯಾವ ಪುಟದಲ್ಲೂ ಇರ್ಲಿಲ್ಲ.

ಡಿಸ್ಪ್ಲೇಲಿ ನಾನು ಪ್ರಿಂಟ್‌ಗಳನ್ನ ಕಣ್ಣಿನ ಎತ್ತರಕ್ಕೆ ಹಾಕ್ಲಿಲ್ಲ. ಕೆಳಗೆ, ನೆಲ ಮುಟ್ಟೋ ಹಾಗೆ ಹಾಕಿ, ಮುಂದೆ ಊರಿಂದ ತಂದ ಚಾಪೆ ಹಾಸಿದೆ. ಕೂತ್ರೆ ಆ ಹೆಂಗಸರ ಕೈ ನಿಮ್ಮ ಕೈಯಷ್ಟೇ ಎತ್ತರದಲ್ಲಿ ಬರುತ್ತೆ, ಅವರ ಸಾಲಲ್ಲಿ ನೀವೂ ಒಬ್ರು. ಚಪ್ಪಲಿ ಬಿಟ್ಟು ಕೂತವರು ಕೂತೇ ಇದ್ರು, ಮಾತಿಗೆ ಶುರುಮಾಡಿದ್ರು, ಒಂದು ಮಧ್ಯಾಹ್ನ ಅಲ್ಲೇ ಯಾರೋ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದ್ರಂತೆ, ಅದಕ್ಕೆ ಬೈಸ್ಕೊಂಡಿದ್ದು ನಾನು. ಎಕ್ಸ್ಟರ್ನಲ್‌ಗೆ ಮಂಡಿನೋವು, ಅವರಿಗೆ ಕುರ್ಚಿ ಹಾಕಿದ್ವಿ. ಗ್ಯಾಲರಿಯ ಕಾರ್ಪೆಂಟರ್ ಅಣ್ಣ "ಇಷ್ಟು ಕೆಳಗಾ? ಒದ್ದು ಹರೀತಾರಮ್ಮ" ಅಂತ ಹತ್ತು ಸಲ ಹೇಳಿ, ಹತ್ತು ಸಲನೂ ಹೇಳಿದ ಅಳತೆಗೇ ಮೊಳೆ ಹೊಡೆದ್ರು. ಯಾರೂ ಒದೀಲಿಲ್ಲ ಅಣ್ಣ.

ಅಪ್ಪ ಅಮ್ಮಂಗೆ ಇಲ್ಲಿ ಬರೀತಿಲ್ಲ, ಮನೇಲೇ ಹೇಳ್ತೀನಿ.

ಉಜ್ಜಿದವರೆಲ್ಲಾ ಒಂದೊಂದು ಕಾಪಿ ತಗೊಂಡು ಹೋಗಿ, ನಿಮ್ಮ ಹೆಸರಿರೋದೇ ನಿಮ್ದು. ತಿಂಗಳ ಕೊನೆಗೆ ರೂಮ್ ಖಾಲಿ ಮಾಡ್ಬೇಕು, ಅಷ್ಟರೊಳಗೆ ಬನ್ನಿ. ದಯವಿಟ್ಟು ಮಡಚ್ಬೇಡಿ, ಸುತ್ತಿ ಇಡೋಕೆ ಪಿವಿಸಿ ಪೈಪೋ ಬಟ್ಟೆ ಅಂಗಡಿ ರೋಲೋ ಏನಾದ್ರೂ ತನ್ನಿ. ಆಫ್‌ಸೆಟ್ ಇಂಕ್ ದಪ್ಪ ಬಿದ್ದ ಕಡೆ ಇನ್ನೂ ಪೂರ್ತಿ ಒಣಗಿಲ್ಲ, ನಡುವೆ ಒಂದು ನ್ಯೂಸ್‌ಪೇಪರ್ ಇಡ್ಬೇಡಿ, ಅಂಟ್ಕೊಳುತ್ತೆ, ಬಟರ್ ಪೇಪರ್ ನಾನೇ ಕೊಡ್ತೀನಿ. ಅಡುಗೆಮನೆ ಅಕ್ಕಂದು ದೊಡ್ಡ ಕಾಪಿ, ನಾನೇ ಕೆಳಗೆ ತಂದುಕೊಡ್ತೀನಿ. ಪ್ರೆಸ್ ಅಣ್ಣ, ನಿಮ್ಮ ಮುಂದಿನ ವರ್ಷದ ಕ್ಯಾಲೆಂಡರ್‌ಗೆ ಹಾಕ್ಕೊಳ್ಲಾ ಅಂತ ಕೇಳಿದ್ರಲ್ಲ, ಹಾಕ್ಕೊಳ್ಳಿ, ಆದ್ರೆ ಮೇಲೆ ಹೂವಿನ ಬಾರ್ಡರ್ ಬೇಡ.