ಅಂಟಾರ್ಕ್ಟಿಕಾದ ಅಟ್ಲಾಸ್ ಕುರಿತು ಅಪ್ಪನಿಗೊಂದು ಕಾಗದ

ಒಟ್ಟಾವಾ, ಕೆನಡಾ

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮವಾಗಿದ್ದೇನೆ. ನೀವೆಲ್ಲರೂ ಕ್ಷೇಮವೆಂದು ತಿಳಿದು ಸಂತೋಷವಾಯಿತು. ಊರಿಲ್ಲದ, ರಸ್ತೆಯಿಲ್ಲದ, ನೆಲವೇ ಕಣ್ಣಿಗೆ ಬೀಳದ ಅಂಟಾರ್ಕ್ಟಿಕಾಕ್ಕೆ ನಾವಿಲ್ಲಿ ಮಾಡುತ್ತಿರುವಂತೆ ತೆರೆಯ ಮೇಲೆ ನೋಡುವ ಒಂದು ಅಟ್ಲಾಸ್ ಮಾಡಲು ಇಷ್ಟು ಜನ, ಇಷ್ಟು ಕಾಲ ಏಕೆ ಬೇಕು ಎಂದು ಅಪ್ಪ ಕಳೆದ ಕಾಗದದಲ್ಲಿ ಕೇಳಿದ್ದಿರಿ. ಫೋನಿನಲ್ಲಿ ಹೇಳಹೊರಟರೆ ಅರ್ಧ ಮಾತು ಉಳಿದುಹೋಗುತ್ತದೆ, ಅದಕ್ಕೇ ಬರೆಯಲು ಕುಳಿತಿದ್ದೇನೆ.

ಶಾಲೆಯ ಗೋಡೆಗೆ ನೀವು ತೂಗುಹಾಕುತ್ತಿದ್ದ ಭೂಪಟದಲ್ಲಿ ಅಂಟಾರ್ಕ್ಟಿಕಾ ಎಂದರೆ ಕೆಳಗಂಚಿನ ಉದ್ದಕ್ಕೂ ಎಳೆದ ಬಿಳಿ ಪಟ್ಟಿ. ಇಂದು ಮೊಬೈಲಿನಲ್ಲಿ ನೋಡುವ ನಕ್ಷೆಗಳ ಸ್ಥಿತಿಯೂ ಉತ್ತಮವಾಗೇನೂ ಇಲ್ಲ. ಅವುಗಳಲ್ಲಿ ಹೆಚ್ಚಿನವು ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಲು ಮರ್ಕೇಟರ್ ಪ್ರಕ್ಷೇಪ ಎಂಬ ವಿಧಾನವನ್ನು ಅನುಸರಿಸುತ್ತವೆ. ಆ ಪ್ರಕ್ಷೇಪದಲ್ಲಿ ಧ್ರುವವು ಅನಂತ ದೂರಕ್ಕೆ ಸರಿಯುವುದರಿಂದ ಸುಮಾರು 85 ಡಿಗ್ರಿ ಅಕ್ಷಾಂಶದಲ್ಲೇ ನಕ್ಷೆಯನ್ನು ಕತ್ತರಿಸಿಬಿಡುತ್ತಾರೆ, ದಕ್ಷಿಣ ಧ್ರುವ ಅದರಲ್ಲಿ ಇರುವುದೇ ಇಲ್ಲ. ಭಾರತದ ನಾಲ್ಕು ಪಟ್ಟಿಗಿಂತಲೂ ದೊಡ್ಡದಾದ, ಸುಮಾರು 1.4 ಕೋಟಿ ಚದರ ಕಿಲೋಮೀಟರ್ ವಿಸ್ತಾರದ ಖಂಡಕ್ಕೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದ್ದರಿಂದ ನಮ್ಮ ನಕ್ಷೆಯಲ್ಲಿ ಧ್ರುವವೇ ನಡುವಿನ ಬಿಂದು, ಅಲ್ಲಿಂದ ಯಾವ ಕಡೆಗೆ ಹೊರಟರೂ ಉತ್ತರವೇ. ಮೊದಲ ಸಲ ನೋಡುವವರು ದಿಕ್ಕು ತಪ್ಪಿದಂತೆ ಕಕ್ಕಾಬಿಕ್ಕಿಯಾಗುತ್ತಾರೆ. ಸ್ವಲ್ಪ ಹೊತ್ತು ಬೆರಳಿನಿಂದ ತಿರುಗಿಸಿ ನೋಡಿದ ಮೇಲೆ ಖಂಡದ ನಿಜವಾದ ಆಕಾರ ಮನಸ್ಸಿಗೆ ಹತ್ತುತ್ತದೆ.

ಆದರೆ ನಿಜವಾದ ಕಷ್ಟ ಆರಂಭವಾಗುವುದು ಕರಾವಳಿಯನ್ನು ಎಳೆಯುವಾಗ. ಅಲ್ಲಿ ಹಿಮವು ಒಳನಾಡಿನಿಂದ ನಿಧಾನವಾಗಿ ಹರಿದುಬಂದು, ಒಂದು ಹಂತದಲ್ಲಿ ನೆಲವನ್ನು ಬಿಟ್ಟು ಸಮುದ್ರದ ಮೇಲೆ ತೇಲತೊಡಗುತ್ತದೆ. ಹೀಗೆ ತೇಲುವ ಭಾಗವನ್ನು ಐಸ್ ಶೆಲ್ಫ್ ಎನ್ನುತ್ತಾರೆ. ನೆಲ ಬಿಡುವ ಗೆರೆಯನ್ನು ಕರಾವಳಿ ಎನ್ನಬೇಕೋ, ತೇಲುವ ಹಿಮದ ಹೊರ ಅಂಚನ್ನು ಎನ್ನಬೇಕೋ? ಎರಡೂ ಸರಿ, ಎರಡೂ ಸ್ಥಿರವಲ್ಲ. 2002ರ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಲಾರ್ಸನ್ ಬಿ ಎಂಬ ಐಸ್ ಶೆಲ್ಫಿನ ಸುಮಾರು 3,250 ಚದರ ಕಿಲೋಮೀಟರ್ ಭಾಗ, ಇನ್ನೂರು ಮೀಟರಿಗೂ ಹೆಚ್ಚು ದಪ್ಪವಿದ್ದ ಹಿಮ, ಚೂರುಚೂರಾಗಿ ಸಮುದ್ರ ಸೇರಿತು. ಆ ವರ್ಷದ ಹಿಂದೆ ಅಚ್ಚಾದ ನಕ್ಷೆಗಳೆಲ್ಲ ಆ ಜಾಗದ ಮಟ್ಟಿಗೆ ಒಮ್ಮೆಲೇ ಹಳತಾದವು. ನಮ್ಮ ಅಟ್ಲಾಸಿನಲ್ಲಿ ಆ ಪುಟದ ಕೆಳಗೆ ದಿನಾಂಕಗಳ ಒಂದು ಪಟ್ಟಿ ಇದೆ. ಅದರ ಗುಂಡಿಯನ್ನು ಎಡದಿಂದ ಬಲಕ್ಕೆ ಎಳೆಯುತ್ತಾ ಹೋದರೆ ಉಪಗ್ರಹದ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಮೊದಲು ಕರಗಿದ ನೀರಿನ ನೀಲಿ ಮಡುಗಳು ಸಾಲುಸಾಲಾಗಿ ಕಾಣುತ್ತವೆ, ಬಳಿಕ ಅಂಚು ಬಿರಿಯುತ್ತದೆ, ಕೊನೆಗೆ ಇಡೀ ಜಾಗ ತಿಳಿನೀಲಿಯ ನುಚ್ಚಾಗುತ್ತದೆ. ಅಲ್ಲಿಗೇ ನಿಲ್ಲಿಸಬಾರದೆಂದು ನಾನು ಹಟ ಹಿಡಿದೆ. ತೇಲುವ ಹಿಮ ಒಡೆದರೆ ಸಮುದ್ರಮಟ್ಟ ಅಷ್ಟಾಗಿ ಏರುವುದಿಲ್ಲ. ಅದರ ಆಸರೆ ತಪ್ಪಿದ ಮೇಲೆ ಹಿಂದಿನ ಹಿಮನದಿಗಳು ವೇಗವಾಗಿ ಸಮುದ್ರದತ್ತ ಹರಿಯತೊಡಗಿದ್ದೇ ಮುಖ್ಯ ಸಂಗತಿ. ಒಡೆಯುವ ದೃಶ್ಯವನ್ನು ಮಾತ್ರ ತೋರಿಸಿ ಈ ಭಾಗವನ್ನು ಬಿಟ್ಟರೆ ನೋಡುಗರಿಗೆ ಬೆರಗು ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನನಗೆ ಗಟ್ಟಿಯಾಗಿ ಮನವರಿಕೆಯಾದ ವಿಷಯವೊಂದಿದೆ. ಇಂಥ ಪ್ರದೇಶದ ಅಟ್ಲಾಸ್ ಏನಿದೆ ಎಂಬುದನ್ನಷ್ಟೇ ಹೇಳಿದರೆ ಸಾಲದು. ಅದು ನಮಗೆ ಹೇಗೆ, ಯಾವಾಗ ತಿಳಿಯಿತು ಎಂಬುದನ್ನೂ ಹೇಳಬೇಕು. ಹಿಮದ ಅಡಿಯ ನೆಲವನ್ನೇ ತೆಗೆದುಕೊಳ್ಳಿ. ವಿಮಾನದಿಂದ ರೇಡಿಯೊ ಅಲೆಗಳನ್ನು ಕೆಳಕ್ಕೆ ಕಳಿಸಿ, ಹಿಮವನ್ನು ಹಾದು ಬಂಡೆಗೆ ತಾಗಿ ಮರಳುವ ಪ್ರತಿಧ್ವನಿಯಿಂದ ಆಳವನ್ನು ಲೆಕ್ಕಹಾಕುತ್ತಾರೆ. ಹಲವು ದೇಶಗಳ ಇಂಥ ಅಳತೆಗಳನ್ನು ಕೂಡಿಸಿ 2013ರಲ್ಲಿ ಪ್ರಕಟಿಸಿದ ಬೆಡ್‌ಮ್ಯಾಪ್2 ನಕ್ಷೆಯಿಂದ ಆ ಹಿಮವೆಲ್ಲ ಕರಗಿದರೆ ಸಮುದ್ರಮಟ್ಟ ಸುಮಾರು 58 ಮೀಟರ್ ಏರುತ್ತದೆಂಬ ಅಂದಾಜು ದೊರೆಯಿತು. ಆದರೆ ವಿಮಾನ ಹಾರಿದ ಗೆರೆಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳಿವೆ. ಪೂರ್ವ ಅಂಟಾರ್ಕ್ಟಿಕಾದ ಡೆನ್ಮನ್ ಹಿಮನದಿಯ ಅಡಿಯಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರ್ ಕೆಳಗಿಳಿಯುವ ಕಣಿವೆಯಿದೆ ಎಂದು 2019ರಲ್ಲಿ ವಿಜ್ಞಾನಿಗಳು ತಿಳಿಸಿದರು. ಅದು ತಳಮುಟ್ಟಿ ಅಳೆದದ್ದಲ್ಲ, ಎಷ್ಟು ಹಿಮ ಎಷ್ಟು ವೇಗದಲ್ಲಿ ಹಾದುಹೋಗುತ್ತದೆ ಎಂಬುದರಿಂದ ಲೆಕ್ಕಹಾಕಿ ಪಡೆದದ್ದು. ಸಾಮಾನ್ಯ ನಕ್ಷೆಯಲ್ಲಿ ಅಳೆದದ್ದಕ್ಕೂ ಲೆಕ್ಕದಿಂದ ಪಡೆದದ್ದಕ್ಕೂ ಒಂದೇ ಬಣ್ಣ. ನಾವು ಅಳೆದ ಗೆರೆಗಳನ್ನು ಗಾಢವಾಗಿಯೂ ಉಳಿದದ್ದನ್ನು ಮಸುಕಾಗಿಯೂ ತೋರಿಸುತ್ತೇವೆ, ಯಾವ ಗೆರೆಯನ್ನು ಮುಟ್ಟಿದರೂ ಅದರ ಮೂಲ ಮತ್ತು ವರ್ಷ ತೆರೆಯ ಮೇಲೆ ಮೂಡುತ್ತದೆ. ನೋಡಲು ಚೆಲುವು ಕಡಿಮೆಯಾಯಿತೆಂದು ಕೆಲವರು ಹೇಳಿದರು. ನನಗೆ ಮಾತ್ರ ಇದೇ ಅಟ್ಲಾಸಿನ ಜೀವಾಳವೆನಿಸುತ್ತದೆ.

ಈ ದಾರಿಯನ್ನು ನಾವೇ ಹೊಸದಾಗಿ ಕಡಿದದ್ದಲ್ಲ. ಇದೇ ಊರಿನ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರೇಸರ್ ಟೇಲರ್ ಅವರು 1997ರಲ್ಲಿ ಸೈಬರ್‌ಕಾರ್ಟೋಗ್ರಫಿ ಎಂಬ ಕಲ್ಪನೆಯನ್ನು ಮುಂದಿಟ್ಟರು. ನಕ್ಷೆಯನ್ನು ಕಣ್ಣಿಗಷ್ಟೇ ಸೀಮಿತಗೊಳಿಸದೆ ಧ್ವನಿ, ಚಲನಚಿತ್ರ, ಬರಹಗಳನ್ನೂ ಅದರಲ್ಲಿ ಹೆಣೆಯಬೇಕೆಂಬುದು ಅದರ ಸಾರ. ಅವರ ತಂಡ ಅಂಟಾರ್ಕ್ಟಿಕಾಕ್ಕೇ ಅಂಥದೊಂದು ಅಟ್ಲಾಸನ್ನು ರೂಪಿಸಿತ್ತು. ಅಮ್ಮನಿಗೆ ಇಷ್ಟವಾಗುವುದು ಬಹುಶಃ ಈ ಧ್ವನಿಯ ಭಾಗವೇ. ವೆಡೆಲ್ ಸೀಲ್ ಎಂಬ ಪ್ರಾಣಿ ಹಿಮದಡಿಯ ನೀರಿನಲ್ಲಿ ಕೂಗುವುದನ್ನು ಕೇಳಿದರೆ ಅದು ಪ್ರಾಣಿಯ ಗಂಟಲೆಂದು ನಂಬಲಾಗುವುದಿಲ್ಲ. ಮೇಲಿನ ಸ್ವರದಿಂದ ತೊಡಗಿ ಕಂಪಿಸುತ್ತಾ ಜಾರಿ ಜಾರಿ ಮಂದ್ರಕ್ಕೆ ಇಳಿಯುತ್ತದೆ. ನಕ್ಷೆಯ ಮೇಲೆ ಬಿಳಿಯಾಗಿ ಕಾಣುವ ಆ ಸಮುದ್ರ ಬರಿದಲ್ಲವೆಂದು ತಿಳಿಸಲು ಇದಕ್ಕಿಂತ ನೇರವಾದ ಮಾರ್ಗ ನನಗೆ ತಿಳಿಯದು.

ಗಡಿಗಳ ಬಗ್ಗೆ ಬಹಳ ಚರ್ಚೆ ನಡೆಯಿತು. ಏಳು ದೇಶಗಳು ಅಲ್ಲಿ ತಮ್ಮ ಹಕ್ಕು ಹೇಳಿಕೊಂಡಿವೆ, ಬ್ರಿಟನ್, ಅರ್ಜೆಂಟೀನಾ, ಚಿಲಿಗಳ ಹಕ್ಕುಗಳು ಒಂದರ ಮೇಲೊಂದು ಬೀಳುತ್ತವೆ. 1959ರಲ್ಲಿ ಸಹಿಯಾದ ಅಂಟಾರ್ಕ್ಟಿಕ್ ಒಪ್ಪಂದ ಈ ಹಕ್ಕುಗಳನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ, ಇದ್ದಲ್ಲೇ ತಡೆದಿಟ್ಟಿತು. ಹಾಗಾಗಿ ಮುಖ್ಯ ನಕ್ಷೆಯಲ್ಲಿ ಗಡಿಗಳಿಲ್ಲ, ಒಪ್ಪಂದದ ಇತಿಹಾಸ ಹೇಳುವ ಪುಟದಲ್ಲಿ ಮಾತ್ರ ಅವು ಕಾಣುತ್ತವೆ. ನೀವಾಗಿದ್ದರೂ ಹೀಗೇ ಮಾಡುತ್ತಿದ್ದಿರಿ ಎಂದುಕೊಂಡಿದ್ದೇನೆ.

ಈಗ ನನ್ನ ಪಾಲಿಗೆ ಬಂದಿರುವುದು ಅಲ್ಲಿರುವ ಭಾರತದ ಸಂಶೋಧನಾ ಕೇಂದ್ರಗಳ ಪುಟಗಳು. ಐಸ್ ಶೆಲ್ಫಿನ ಮೇಲೆ ಕಟ್ಟಿದ್ದ ದಕ್ಷಿಣ ಗಂಗೋತ್ರಿ ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಹೂತುಹೋಯಿತು. ಆಮೇಲೆ ಕಟ್ಟಿದ ಮೈತ್ರಿ ಮತ್ತು 2012ರಲ್ಲಿ ಆರಂಭವಾದ ಭಾರತಿ, ಎರಡಕ್ಕೂ ಬಂಡೆಯ ನೆಲವನ್ನೇ ಆರಿಸಿದರು. ಹೂತುಹೋದ ಕೇಂದ್ರವನ್ನು ನಕ್ಷೆಯಲ್ಲಿ ಎಲ್ಲಿ ಗುರುತಿಸಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ, ಏಕೆಂದರೆ ಹಿಮ ಚಲಿಸಿದಂತೆ ಅದೂ ಚಲಿಸುತ್ತದೆ. ದಕ್ಷಿಣ ಧ್ರುವದ ಗೂಟವನ್ನೇ ಪ್ರತಿವರ್ಷ ಕಿತ್ತು ಸುಮಾರು ಹತ್ತು ಮೀಟರ್ ಆಚೆ ನೆಡಬೇಕಾಗುತ್ತದೆ. ಈ ಪುಟಗಳ ವಿವರಣೆಯನ್ನು ಕನ್ನಡದಲ್ಲೂ ಓದಿ ಧ್ವನಿಮುದ್ರಿಸಲು ಅನುಮತಿ ಸಿಕ್ಕಿದೆ. ಕರಡನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಎಂಟನೆಯ ತರಗತಿಯ ಮಗುವಿಗೆ ಎಲ್ಲಿ ಅರ್ಥವಾಗುವುದಿಲ್ಲವೋ ಅಲ್ಲೆಲ್ಲ ಗುರುತು ಹಾಕಿ ಬೇಗ ಕಳಿಸಿಕೊಡಿ. ಧ್ವನಿಮುದ್ರಣ ಮುಂದಿನ ತಿಂಗಳು ಆರಂಭವಾಗಲಿದೆ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗಳು