ಸಕ್ಕರೆ ಕಾಯಿಲೆಯವರ ಕಾಲಿಗೂ ಎಂಸಿಆರ್ ಚಪ್ಪಲಿ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಾನು ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ಕೆಲಸ ಮಾಡುವ ನರ್ಸ್. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಯಾಕೆ ಮಾಯುವುದಿಲ್ಲ ಅಂತ ದಿನಾ ಕಣ್ಣಾರೆ ನೋಡುತ್ತಿರುವವಳು.

ಹೆಬ್ಬೆರಳಿನ ಬುಡದಲ್ಲಿ ಚರ್ಮ ಆಣಿಯ ಹಾಗೆ ಗಟ್ಟಿಯಾಗಿರುತ್ತದೆ. ನಡುವೆ ಸಣ್ಣ ತೂತು. ಒತ್ತಿದರೆ ಕೀವು ಬರುತ್ತದೆ, ಆದರೆ ಅವರಿಗೆ ನೋವೇ ಇಲ್ಲ. ಪಾದದ ನರ ಅಷ್ಟು ಜೋಮು ಹಿಡಿದಿರುತ್ತದೆ. ನೋವಿಲ್ಲ ಅಂದಮೇಲೆ ಗದ್ದೆ ಕೆಲಸ, ಗಾರೆ ಕೆಲಸ ಎಲ್ಲ ಅದೇ ಕಾಲಲ್ಲಿ. ಕೂಲಿ ಬಿಟ್ಟು ಮನೆಯಲ್ಲಿ ಕೂರಲು ಆಗುತ್ತದಾ? ಬೆಳಿಗ್ಗೆ ನಾವು ಎಷ್ಟೇ ಚೆನ್ನಾಗಿ ಕಟ್ಟಿ ಕಳಿಸಿದರೂ, ಗಾಯದಲ್ಲಿ ಆಗತಾನೇ ಬೆಳೆಯುತ್ತಿದ್ದ ಹೊಸ ಮಾಂಸ ಸಂಜೆಗೆ ಮೈಭಾರಕ್ಕೆ ಜಜ್ಜಿಹೋಗಿರುತ್ತದೆ.

ಬೇರೆ ಕಾರಣಗಳೂ ಇವೆ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಸೋಲುತ್ತವೆ. ಬೀಡಿ ಸೇದುವವರ ಕಾಲಿಗೆ ರಕ್ತ ಓಡಾಟವೇ ಕಡಿಮೆ. ಮೊಟ್ಟೆ, ಮೀನು, ಕಡಲೆಕಾಯಿ ನಂಜಾಗುತ್ತದೆ ಅಂತ ಮನೆಯವರು ಬಿಡಿಸಿರುತ್ತಾರೆ. ಗಾಯ ಕೂಡಲು ಬೇಕಾದ ಪ್ರೋಟೀನೇ ತಟ್ಟೆಯಲ್ಲಿ ಇರುವುದಿಲ್ಲ. ಇದನ್ನೆಲ್ಲ ನಾವು ಹೇಳಿ, ಬೇಡಿಕೊಂಡು ಸ್ವಲ್ಪವಾದರೂ ಸರಿಮಾಡಬಹುದು. ಪಾದದ ಮೇಲಿನ ಭಾರ ಮಾತ್ರ ನಮ್ಮ ಮಾತಿಗೆ ಇಳಿಯುವುದಿಲ್ಲ.

ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸರ್ಕಾರ ಎಂಸಿಆರ್ (ಮೈಕ್ರೋ ಸೆಲ್ಯುಲಾರ್ ರಬ್ಬರ್) ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿಯನ್ನು ಉಚಿತವಾಗಿ ಕೊಡುತ್ತದೆ. ತುಂಬಾ ಒಳ್ಳೆಯ ಕೆಲಸ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೂ ಬೇಕಾಗಿರುವುದು ಅಂಥದ್ದೇ ಚಪ್ಪಲಿ. ಅವರಿಗೂ ಕೊಡಿ, ಸ್ವಾಮಿ. ಇದು ಹೊಸ ಗಾಯ ಆಗದಂತೆ ತಡೆಯಲು. ಆಗಲೇ ಗಾಯ ಇರುವವರಿಗೆ ಚಪ್ಪಲಿ ಸಾಲದು. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡಿ, ಗಾಯದ ಮೇಲೆ ಭಾರ ಬೀಳದಂತೆ, ಮೂಳೆ ಮುರಿದಾಗ ಹಾಕುವಂಥ ಗಟ್ಟಿ ಪ್ಲಾಸ್ಟರ್ ಹಾಕಬೇಕು. ಅದನ್ನು ಕಲಿತವರು ತಾಲ್ಲೂಕಿಗೆ ಒಬ್ಬರಾದರೂ ಇರಬೇಕು.

ಗೃಹ ಆರೋಗ್ಯ ಯೋಜನೆಯಲ್ಲಿ ನಮ್ಮ ಸಿಬ್ಬಂದಿ ಹೇಗೂ ಮನೆಮನೆಗೆ ಹೋಗುತ್ತಾರೆ. ಸಕ್ಕರೆ ಇರುವ ಪ್ರತಿಯೊಬ್ಬರ ಅಂಗಾಲನ್ನೂ ಅಲ್ಲೇ ನೋಡಲಿ, ಬೆರಳ ಸಂದಿಯನ್ನೂ ಬಿಡದೆ. 10 ಗ್ರಾಂ ಮೋನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇದೆ. ಅದನ್ನು ಪಾದಕ್ಕೆ ಒತ್ತಿದಾಗ ಗೊತ್ತಾಗದಿದ್ದರೆ ಆ ಕಾಲು ಅಪಾಯದಲ್ಲಿದೆ ಅಂತ ಅರ್ಥ. ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಆ ಎಳೆ ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಇರುವಂತೆ ಆದೇಶ ಮಾಡಿ. ಪರೀಕ್ಷೆಯಲ್ಲಿ ಸಿಕ್ಕವರ ಪಟ್ಟಿಯ ಪ್ರಕಾರ ಚಪ್ಪಲಿ ಹಂಚಿ.

ಇಂತಿ,
ತಾಲ್ಲೂಕು ಆಸ್ಪತ್ರೆಯ ಒಬ್ಬ ನರ್ಸ್