ಬ್ರೂಯಿನ್ಸ್ ಸೋತಿದ್ದು ಗೋಲ್‌ಕೀಪರ್‌ನಿಂದಲ್ಲ

ಸಂಪಾದಕರಿಗೆ,

ಮಾನ್ಯರೇ,

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡ 2024-25ರ ಋತುವಿನಲ್ಲಿ ಕಂಡ ಕುಸಿತದ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಈಚೆಗೆ ಪ್ರಕಟವಾದ ಕಿರುಬರಹವನ್ನು ಓದಿದೆ. ಕ್ರಿಕೆಟ್ಟನ್ನು ಬಿಟ್ಟು, ಅದರಲ್ಲೂ ನಮ್ಮ ಕಡೆ ಯಾರೂ ಆಡದ ಆಟವೊಂದಕ್ಕೆ ಜಾಗ ಕೊಟ್ಟಿದ್ದು ಸಂತೋಷದ ವಿಷಯವೇ. ಆದರೆ ಆ ಬರಹ ಸೋಲಿನ ಹೊಣೆಯನ್ನೆಲ್ಲ ಗೋಲ್‌ಕೀಪರ್ ಜೆರೆಮಿ ಸ್ವೇಮನ್ ಅವರ ದುಬಾರಿ ಒಪ್ಪಂದದ ಮೇಲೂ, ಋತುವಿನ ಆರಂಭದಲ್ಲೇ ಕೆಲಸ ಕಳೆದುಕೊಂಡ ಕೋಚ್ ಜಿಮ್ ಮಾಂಟ್ಗೊಮರಿ ಅವರ ಮೇಲೂ ಹಾಕಿ ಮುಗಿಸಿಬಿಟ್ಟಿದೆ. ಬಾಸ್ಟನ್ನಿನ ಹೊರವಲಯದಲ್ಲಿ ನೆಲೆಸಿ ಈ ತಂಡದ ಆಟವನ್ನು ವರ್ಷಗಳಿಂದ ನೋಡುತ್ತಿರುವ ಕನ್ನಡಿಗನಾದ ನನಗೆ ಇದು ಸರಿಯೆನಿಸಲಿಲ್ಲ. ತಂಡ ಸೋತಿದ್ದು ಮಂಜುಗಡ್ಡೆಯ ಮೇಲೆ ನಿಜ. ಆ ಸೋಲನ್ನು ಎರಡು ವರ್ಷ ಮೊದಲೇ ಬರೆದಿಟ್ಟಿದ್ದು ಆಡಳಿತದ ಕೊಠಡಿಯಲ್ಲಿ ಎಂಬುದು ನನ್ನ ವಾದ.

ಮೊದಲು ತಂಡ ಯಾವ ಎತ್ತರದಿಂದ ಕುಸಿಯಿತೆಂದು ಹೇಳಬೇಕು. 2022-23ರಲ್ಲಿ ಬ್ರೂಯಿನ್ಸ್ 82 ಪಂದ್ಯಗಳಲ್ಲಿ 65 ಗೆದ್ದು 135 ಅಂಕ ಗಳಿಸಿತು. ಲೀಗಿನ ಇತಿಹಾಸದಲ್ಲಿ ಒಂದೇ ಋತುವಿನಲ್ಲಿ ಅಷ್ಟು ಗೆಲುವನ್ನಾಗಲಿ ಅಷ್ಟು ಅಂಕವನ್ನಾಗಲಿ ಬೇರಾವ ತಂಡವೂ ಕಂಡಿರಲಿಲ್ಲ. (ಮಾಂಟ್ರಿಯಲ್ ಕೆನೇಡಿಯನ್ಸ್ 1976-77ರಲ್ಲಿ 132 ಅಂಕ ಗಳಿಸಿದ್ದು 80 ಪಂದ್ಯಗಳಲ್ಲಿ, ಅದೂ ಸಮನಾದ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲೋ ಶೂಟೌಟ್‌ನಲ್ಲೋ ಗೆದ್ದುಕೊಳ್ಳುವ ಅವಕಾಶವೇ ಇಲ್ಲದ ಕಾಲದಲ್ಲಿ, ಆದ್ದರಿಂದ ಯಾವ ತಂಡ ದೊಡ್ಡದೆಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.) ಆ ವರ್ಷ ತಂಡ ಹೊಡೆದ ಗೋಲು 305, ಬಿಟ್ಟುಕೊಟ್ಟದ್ದು ಬರೀ 177. ಡೇವಿಡ್ ಪಾಸ್ಟ್ರನಾಕ್ ಒಬ್ಬರೇ 61 ಗೋಲು ಹೊಡೆದರು. ಲೀನಸ್ ಉಲ್‌ಮಾರ್ಕ್ ವರ್ಷದ ಅತ್ಯುತ್ತಮ ಗೋಲ್‌ಕೀಪರ್‌ಗೆ ಸಲ್ಲುವ ವೆಜಿನಾ ಪ್ರಶಸ್ತಿಯನ್ನೂ, ಮಾಂಟ್ಗೊಮರಿ ವರ್ಷದ ಕೋಚ್ ಪ್ರಶಸ್ತಿಯನ್ನೂ ಪಡೆದರು.

ಅಂಥ ತಂಡ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ, ಲೀಗಿನ ಎರಡು ಭಾಗಗಳಲ್ಲೊಂದಾದ ಈಸ್ಟರ್ನ್ ಕಾನ್ಫರೆನ್ಸಿನಿಂದ ಕಟ್ಟಕಡೆಯದಾಗಿ ಒಳಬಂದ ಫ್ಲಾರಿಡಾ ಪ್ಯಾಂಥರ್ಸ್ ಎದುರು ಸೋತುಹೋಯಿತು. ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಮುಂದಿದ್ದು, 2023ರ ಏಪ್ರಿಲ್ 30ರಂದು ಸ್ವಂತ ಅಂಗಳದಲ್ಲಿ ನಡೆದ ಏಳನೆಯ ಪಂದ್ಯದಲ್ಲೂ 3-2ರಿಂದ ಮುಂದಿದ್ದು, ಆಟ ಮುಗಿಯಲು ಒಂದು ನಿಮಿಷವೂ ಉಳಿಯದಿದ್ದಾಗ ಬ್ರ್ಯಾಂಡನ್ ಮಾಂಟೂರ್ ಹೊಡೆದ ಗೋಲಿನಿಂದ ಸಮನಾಗಿ, ಹೆಚ್ಚುವರಿ ಅವಧಿಯಲ್ಲಿ ಪಂದ್ಯವೂ ಸರಣಿಯೂ ಕೈತಪ್ಪಿದವು. ಈ ಸೋಲನ್ನು ದುರದೃಷ್ಟವೆಂದು ಬದಿಗಿಡಲು ನಾನು ತಯಾರಿದ್ದೇನೆ. ಐಸ್ ಹಾಕಿಯಲ್ಲಿ ಅಂಥದ್ದು ನಡೆಯುತ್ತದೆ. ಬದಿಗಿಡಲಾಗದ್ದು, ಆ ಒಂದು ವರ್ಷಕ್ಕಾಗಿ ಆಡಳಿತ ಏನೇನನ್ನು ಒತ್ತೆಯಿಟ್ಟಿತ್ತು ಎಂಬುದು.

ಎನ್‌ಎಚ್‌ಎಲ್‌ನಲ್ಲಿ ತಂಡ ಬೆಳೆಯುವುದು ಡ್ರಾಫ್ಟ್‌ನಿಂದ, ಅಂದರೆ ಪ್ರತಿ ಜೂನ್‌ನಲ್ಲಿ ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿಯಿಂದ. ಮೊದಲ ಸುತ್ತಿನ ಸರದಿಯೆಂದರೆ ತಂಡಕ್ಕೆ ಬೀಜದ ಭತ್ತವಿದ್ದಂತೆ. ಜನರಲ್ ಮ್ಯಾನೇಜರ್ ಡಾನ್ ಸ್ವೀನಿ 2022ರ ಸರದಿಯನ್ನು ಅನಾಹೈಮ್ ತಂಡಕ್ಕೆ ಕೊಟ್ಟು ಡಿಫೆನ್ಸ್ ಆಟಗಾರ ಹ್ಯಾಂಪಸ್ ಲಿಂಡ್‌ಹೋಮ್‌ರನ್ನು ತಂದರು. ಆ ವ್ಯವಹಾರವನ್ನು ನಾನು ಆಕ್ಷೇಪಿಸುವುದಿಲ್ಲ. ಲಿಂಡ್‌ಹೋಮ್ ಹಲವು ವರ್ಷ ಉಳಿಯಬಲ್ಲ ಆಟಗಾರ. ಆದರೆ ದಾಖಲೆಯ ಋತುವಿನ ನಡುವೆ 2023ರ ಸರದಿಯನ್ನು ವಾಷಿಂಗ್ಟನ್‌ಗೆ ಕೊಟ್ಟು ಡಿಮಿಟ್ರಿ ಓರ್ಲೋವ್ ಮತ್ತು ಗಾರ್ನೆಟ್ ಹ್ಯಾಥವೇ ಅವರನ್ನೂ, 2024ರ ಸರದಿಯನ್ನು ಡೆಟ್ರಾಯಿಟ್‌ಗೆ ಕೊಟ್ಟು ಟೈಲರ್ ಬರ್ಟುಜಿ ಅವರನ್ನೂ ಕರೆತಂದಿದ್ದು ಬೇರೆಯೇ ಲೆಕ್ಕ. ಮೂವರ ಒಪ್ಪಂದವೂ ಆ ಬೇಸಿಗೆಗೇ ಮುಗಿಯುವಂಥದ್ದು. ಫ್ಲಾರಿಡಾ ಎದುರು ಸೋತ ಕೆಲವೇ ವಾರಗಳಲ್ಲಿ ಮೂವರೂ ಬೇರೆ ಬೇರೆ ತಂಡಗಳಿಗೆ ಹೊರಟುಹೋದರು. ಇನ್ನೊಬ್ಬ ಆಟಗಾರ ಟೇಲರ್ ಹಾಲ್ ಅವರನ್ನು ಸಂಬಳದ ಮಿತಿಯೊಳಗೆ ಹಿಡಿಸಲಾಗದೆ ಷಿಕಾಗೊಗೆ ದಾಟಿಸಬೇಕಾಯಿತು.

ಐಪಿಎಲ್ ಹರಾಜಿನಲ್ಲಿ ತಂಡಗಳಿಗೆ ಇರುವಂತೆ ಇಲ್ಲಿಯೂ ಸಂಬಳಕ್ಕೊಂದು ಮಿತಿಯುಂಟು. 2024-25ರಲ್ಲಿ ಅದು 8.8 ಕೋಟಿ ಡಾಲರ್. ಬ್ರೂಯಿನ್ಸ್ ತನ್ನ ಹಿರಿಯ ಸೆಂಟರ್, ಅಂದರೆ ದಾಳಿಯ ಸಾಲಿನ ನಡುವೆ ನಿಲ್ಲುವ, ಆಟಗಾರರಾದ ಪ್ಯಾಟ್ರಿಸ್ ಬರ್ಜೆರಾನ್ ಮತ್ತು ಡೇವಿಡ್ ಕ್ರೆಯ್ಚಿ ಇಬ್ಬರಿಗೂ ದಾಖಲೆಯ ಋತುವಿನಲ್ಲಿ ಕಡಿಮೆ ಮೂಲವೇತನ, ಮೇಲೆ ಬೋನಸ್ ಎಂಬ ಒಪ್ಪಂದ ಮಾಡಿಕೊಂಡು, ಆ ಬೋನಸ್ಸಿನ 45 ಲಕ್ಷ ಡಾಲರ್ ಹೊರೆಯನ್ನು ಮುಂದಿನ ವರ್ಷದ ಮಿತಿಗೆ ತಳ್ಳಿತ್ತು. ಆ ಮುಂದಿನ ವರ್ಷ ಬರುವಷ್ಟರಲ್ಲಿ ಇಬ್ಬರೂ ನಿವೃತ್ತರಾಗಿದ್ದರು. ಇಲ್ಲದ ಆಟಗಾರರ ಹಣ ಲೆಕ್ಕದಲ್ಲಿತ್ತು. ಅವರ ಜಾಗ ತುಂಬಲು ಹಣವಿರಲಿಲ್ಲ.

ಈ ಜಾಗದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಬರಹ ಅದನ್ನು ಮುಟ್ಟಲೇ ಇಲ್ಲ. ಐಸ್ ಹಾಕಿಯಲ್ಲಿ ಪ್ರತಿ ಸಲ ಆಟ ನಿಂತು ಮತ್ತೆ ಶುರುವಾಗುವುದು ಫೇಸ್‌ಆಫ್‌ನಿಂದ: ಎದುರುಬದುರು ಬಾಗಿ ನಿಂತ ಇಬ್ಬರ, ಸಾಮಾನ್ಯವಾಗಿ ಎರಡು ತಂಡಗಳ ಸೆಂಟರ್‌ಗಳ, ನಡುವೆ ತೀರ್ಪುಗಾರ ಪಕ್ಕನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು) ಬೀಳಿಸುತ್ತಾನೆ, ಅದು ಯಾರ ಕೋಲಿಗೆ ಸಿಕ್ಕಿತೋ ಆ ತಂಡದ್ದು ಮುಂದಿನ ಆಟ. ಬರ್ಜೆರಾನ್ ತಮ್ಮ ಕೊನೆಯ ಋತುವಿನಲ್ಲೂ ಇಂಥವುಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಗೆಲ್ಲುತ್ತಿದ್ದರು. ಎದುರಾಳಿ ತಂಡದ ಒಬ್ಬ ದಂಡನೆಗೊಳಗಾಗಿ ಹೊರಗೆ ಕೂತಾಗ ನಡೆಯುವ ಪವರ್‌ಪ್ಲೇಯಲ್ಲಿ ಅವರು ನಾಲ್ವರು ಎದುರಾಳಿಗಳ ನಟ್ಟನಡುವೆ ನಿಲ್ಲುತ್ತಿದ್ದರು. ಬಂದ ಪಕ್ಕನ್ನು ಹಿಡಿದಿಡದೆ ಒಂದೇ ತಟ್ಟಿನಲ್ಲಿ ಆಚೆ ದಾಟಿಸುತ್ತಿದ್ದರು, ಇಲ್ಲವೇ ಗೋಲಿಗೇ ತಿರುಗಿಸುತ್ತಿದ್ದರು. ಅವರನ್ನು ಕಾಯಲೇಬೇಕಾದ ಕಾರಣಕ್ಕೆ ಎದುರಾಳಿಗಳ ಚೌಕ ಒಳಕ್ಕೆ ಕುಗ್ಗುತ್ತಿತ್ತು, ಎಡಗಡೆಯ ಫೇಸ್‌ಆಫ್ ವೃತ್ತದಲ್ಲಿ ಕೋಲು ಎತ್ತಿ ಕಾಯುವ ಪಾಸ್ಟ್ರನಾಕ್‌ಗೆ ಹೊಡೆಯಲು ಜಾಗ ಸಿಗುತ್ತಿತ್ತು. 2024-25ರಲ್ಲೂ ಪಾಸ್ಟ್ರನಾಕ್ ಅದೇ ವೃತ್ತದಲ್ಲಿ ನಿಂತು ಕಾದರು, ಗೋಲು ಮತ್ತು ಗೋಲಿಗೆ ನೆರವು ಸೇರಿ 106 ಅಂಕಗಳನ್ನೂ ಗಳಿಸಿದರು. ಆದರೆ ನಡುವೆ ಕಾಯಬೇಕಾದವರು ಯಾರೂ ಇಲ್ಲವೆಂದು ಗೊತ್ತಾದ ಎದುರಾಳಿಗಳು ನೇರ ಅವರ ಮೇಲೆಯೇ ಬಂದರು. ತಂಡದ ಪವರ್‌ಪ್ಲೇ ಲೀಗಿನ ಕಟ್ಟಕಡೆಯ ತಂಡಗಳ ಸಾಲಿಗೆ ಇಳಿಯಿತು.

ಹಾಗಾದರೆ ಬರ್ಜೆರಾನ್, ಕ್ರೆಯ್ಚಿ ಇಲ್ಲದ ಮೊದಲ ವರ್ಷ, 2023-24ರಲ್ಲಿ, ತಂಡ 109 ಅಂಕ ಗಳಿಸಿದ್ದು ಹೇಗೆ ಎಂದು ಯಾರಾದರೂ ಕೇಳಬಹುದು. ಉತ್ತರ ಗೋಲಿನ ಮುಂದೆಯೇ ಇತ್ತು. ಉಲ್‌ಮಾರ್ಕ್ ಮತ್ತು ಸ್ವೇಮನ್ ಸರದಿಯ ಮೇಲೆ ನಿಂತು ಮುಂದಿನವರ ಕೊರತೆಯನ್ನೆಲ್ಲ ಮುಚ್ಚಿದರು. ಟೊರಾಂಟೊ ತಂಡವನ್ನು ಏಳನೆಯ ಪಂದ್ಯದಲ್ಲಿ ಮಣಿಸಿದ ಸರಣಿಯಲ್ಲಿ ಸ್ವೇಮನ್ ಆಡಿದ ರೀತಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಅದಾದ ಮೇಲೆ ಆಡಳಿತ ಮಾಡಿದ್ದೇನು? ಉಲ್‌ಮಾರ್ಕ್‌ರನ್ನು ಆಟವಾ ತಂಡಕ್ಕೆ ಮಾರಿತು. ಪ್ರತಿಯಾಗಿ ಬಂದದ್ದರಲ್ಲಿ ಮುಖ್ಯವಾದುದು 2024ರ ಮೊದಲ ಸುತ್ತಿನ ಒಂದು ಸರದಿ. ಅದು ಬೇರೆ ಯಾರದೂ ಅಲ್ಲ, ಹಿಂದೆ ಬರ್ಟುಜಿಗಾಗಿ ಡೆಟ್ರಾಯಿಟ್‌ಗೆ ಕೊಟ್ಟು, ಅಲ್ಲಿಂದ ಆಟವಾ ಕೈಸೇರಿದ್ದ ಬ್ರೂಯಿನ್ಸ್‌ನದೇ ಸರದಿ! ಕೆಲವೇ ತಿಂಗಳು ಆಡಿ ಹೋದ ಒಬ್ಬ ಆಟಗಾರನಿಗಾಗಿ ಕೊಟ್ಟದ್ದನ್ನು ಮರಳಿ ಪಡೆಯಲು ವೆಜಿನಾ ಗೆದ್ದ ಗೋಲ್‌ಕೀಪರ್‌ನನ್ನು ಕೊಡಬೇಕಾಯಿತು. ಎರಡು ವರ್ಷಗಳ ಲೆಕ್ಕಾಚಾರವನ್ನು ಇಷ್ಟು ಚೊಕ್ಕವಾಗಿ ತೋರಿಸುವ ವ್ಯವಹಾರ ಇನ್ನೊಂದಿಲ್ಲ.

ಇನ್ನು ಸ್ವೇಮನ್. 2023ರ ಬೇಸಿಗೆಯಲ್ಲಿ ಅವರ ಸಂಬಳ ಮಾತುಕತೆಯಲ್ಲಿ ಬಗೆಹರಿಯದೆ ಪಂಚಾಯ್ತಿದಾರರ ಮುಂದೆ ಹೋಯಿತು. ಆ ಅನುಭವ ಯಾರಿಗೂ ಬೇಡವೆಂದು ಅವರೇ ಆಮೇಲೆ ಹೇಳಿಕೊಂಡರು. ಮರುವರ್ಷ ಇನ್ನೊಬ್ಬ ಗೋಲ್‌ಕೀಪರ್‌ನನ್ನು ಮಾರಿಬಿಟ್ಟ ಮೇಲೆ ಚೌಕಾಶಿಯ ಬಲವೆಲ್ಲ ಸ್ವೇಮನ್ ಕೈಯಲ್ಲಿತ್ತು, ಅಂಥ ಸ್ಥಿತಿಯನ್ನು ತಂದುಕೊಂಡಿದ್ದೂ ಆಡಳಿತವೇ. ಆದರೂ ತಂಡದ ಅಧ್ಯಕ್ಷ ಕ್ಯಾಮ್ ನೀಲಿ ಸೆಪ್ಟೆಂಬರ್ ಕೊನೆಯಲ್ಲಿ ಪತ್ರಕರ್ತರೆದುರು, ಆಡಲು ಬರುವುದಕ್ಕೆ 6.4 ಕೋಟಿ ಕಾರಣಗಳಿವೆ ಎಂಬ ಅರ್ಥದ ಕುಹಕವಾಡಿದರು. ಅಷ್ಟು ಮೊತ್ತದ ಪ್ರಸ್ತಾವ ಅಲ್ಲಿಯವರೆಗೆ ನಮ್ಮ ಮುಂದೆ ಬಂದೇ ಇರಲಿಲ್ಲವೆಂದು ಆಟಗಾರನ ಏಜೆಂಟ್ ಬಹಿರಂಗವಾಗಿ ತಿರುಗಿ ಹೇಳಿದರು. ಕೊನೆಗೆ ಎಂಟು ವರ್ಷಕ್ಕೆ 6.6 ಕೋಟಿ ಡಾಲರ್‌ಗೆ ಸಹಿಯಾದದ್ದು ಮೊದಲ ಪಂದ್ಯಕ್ಕೆ ಎರಡೇ ದಿನ ಇರುವಾಗ. ಪೂರ್ವಸಿದ್ಧತಾ ಶಿಬಿರ ಪೂರ್ತಿ ತಪ್ಪಿತ್ತು. ಗೋಲ್‌ಕೀಪರ್‌ನ ಕಣ್ಣು, ಮೊಣಕಾಲು, ಕೈಗವಸು ಒಂದೇ ಲಯಕ್ಕೆ ಬರಲು ಆ ವಾರಗಳು ಎಷ್ಟು ಮುಖ್ಯವೆಂಬುದನ್ನು ಕೊಡಗಿನ ಹಾಕಿ ಮೈದಾನಗಳಲ್ಲಿ ಗೋಲು ಕಾದ ಯಾರನ್ನು ಕೇಳಿದರೂ ಹೇಳಿಯಾರು. ಆ ಋತುವಿನಲ್ಲಿ ಅವರು ತಡೆದ ಹೊಡೆತಗಳ ಪ್ರಮಾಣ ನೂರಕ್ಕೆ 89ರ ಆಸುಪಾಸಿಗೆ ಇಳಿಯಿತು. ಅದು ಕಳಪೆಯೇ, ಅವರು ಪಡೆಯುವ ಸಂಬಳಕ್ಕೆ ಖಂಡಿತ ಕಳಪೆ. ಆದರೆ ಹಿಂದಿನ ಎರಡು ವರ್ಷದ ತಪ್ಪುಗಳನ್ನೆಲ್ಲ ಅವರೊಬ್ಬರೇ ತಡೆಯಬೇಕಿತ್ತೆಂದು ಬರೆಯುವುದು ನ್ಯಾಯವಲ್ಲ.

ಗಾಯಗಳನ್ನೂ ಮರೆಯಬಾರದು. ಹ್ಯಾಂಪಸ್ ಲಿಂಡ್‌ಹೋಮ್ ನವೆಂಬರ್‌ನಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಋತುವಿಡೀ ಹೊರಗುಳಿದರು. ಚಾರ್ಲಿ ಮ್ಯಾಕಾವೋಯ್ ಫೆಬ್ರವರಿಯಲ್ಲಿ ದೇಶಗಳ ನಡುವಿನ ಪಂದ್ಯಾವಳಿಯಲ್ಲಿ ಭುಜಕ್ಕೆ ಏಟು ಬಿದ್ದು, ಅದು ಸೋಂಕಿಗೆ ತಿರುಗಿ ಆಸ್ಪತ್ರೆ ಸೇರಿದರು. ಇಷ್ಟರ ಮಟ್ಟಿಗೆ ಆಡಳಿತಕ್ಕೆ ರಿಯಾಯಿತಿ ಕೊಡಬಹುದು. ಆದರೆ ಏಳು ವರ್ಷಕ್ಕೆ 5.4 ಕೋಟಿ ಡಾಲರ್‌ಗೂ ಹೆಚ್ಚು ತೆತ್ತು ತಂದ ಸೆಂಟರ್ ಎಲಿಯಾಸ್ ಲಿಂಡ್‌ಹೋಮ್ 17 ಗೋಲಿಗೆ ನಿಂತದ್ದು ಯಾವ ಗಾಯದ ಖಾತೆಗೂ ಪೂರ್ತಿಯಾಗಿ ಹೋಗುವುದಿಲ್ಲ.

ಕೋಚ್ ವಿಷಯದಲ್ಲಂತೂ ನಿಮ್ಮ ಬರಹದ ತೀರ್ಪು ವಿಚಿತ್ರವಾಗಿದೆ. 2024ರ ನವೆಂಬರ್ 19ರಂದು, 20 ಪಂದ್ಯಗಳಲ್ಲಿ 8 ಗೆದ್ದಿದ್ದಾಗ ಮಾಂಟ್ಗೊಮರಿಯವರನ್ನು ಕೈಬಿಡಲಾಯಿತು. ಅದೇ ವಾರ ಸೇಂಟ್ ಲೂಯಿಸ್ ಬ್ಲೂಸ್ ಅವರನ್ನು ಕರೆಸಿಕೊಂಡಿತು. ಆ ತಂಡ ಋತುವಿನ ಕೊನೆಯ ಹಂತದಲ್ಲಿ ಸತತ 12 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಇದು ಮೊದಲ ಸಲವೇನೂ ಅಲ್ಲ. 2022ರ ಜೂನ್‌ನಲ್ಲಿ ಬ್ರೂಯಿನ್ಸ್ ಹೊರಹಾಕಿದ ಬ್ರೂಸ್ ಕ್ಯಾಸಿಡಿ ಸರಿಯಾಗಿ ಒಂದು ವರ್ಷಕ್ಕೆ ವೇಗಾಸ್ ತಂಡದೊಂದಿಗೆ, ಲೀಗಿನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟ್ಯಾನ್ಲಿ ಕಪ್ ಎತ್ತಿದ್ದರು. ಒಂದೇ ಸಂಸ್ಥೆಯಿಂದ ಹೊರಬಿದ್ದ ಇಬ್ಬರು ಬೇರೆಡೆ ಕೂಡಲೇ ಗೆಲ್ಲುತ್ತಾರೆಂದರೆ ಕೊರತೆ ಕೋಚ್‌ಗಳಲ್ಲಿತ್ತೆಂದು ನಂಬುವುದು ಕಷ್ಟ. ಹಂಗಾಮಿಯಾಗಿ ಬಂದ ಜೋ ಸಾಕೊ ಕೈಗೆ ಸಿಕ್ಕಿದ್ದು ಅದೇ ತಂಡ. ಕೊನೆಗೆ 33 ಗೆಲುವು, 76 ಅಂಕ, ಅಟ್ಲಾಂಟಿಕ್ ವಿಭಾಗದ ಎಂಟು ತಂಡಗಳಲ್ಲಿ ಎಂಟನೆಯ ಸ್ಥಾನ. 2016ರ ನಂತರ ಮೊದಲ ಬಾರಿಗೆ ಪ್ಲೇಆಫ್ ಇಲ್ಲ. ತಂಡ ಹುಟ್ಟಿ ನೂರು ವರ್ಷವಾದ ಸಂಭ್ರಮವೂ ಇದೇ ಋತುವಿನಲ್ಲಿ ನಡೆಯಿತು.

2025ರ ಮಾರ್ಚ್ 7ರ ಬಗ್ಗೆ ನಿಮ್ಮ ಬರಹದಲ್ಲಿ ಒಂದೇ ವಾಕ್ಯವಿದೆ, ಇಲ್ಲಿನ ಜನರಿಗೆ ಮಾತ್ರ ಆ ದಿನವೇ ಋತುವಿನ ಅಂತ್ಯ. ಆಟಗಾರರ ವಿನಿಮಯಕ್ಕೆ ಕೊನೆಯ ದಿನವಾದ ಅಂದು ಬ್ರ್ಯಾಂಡನ್ ಕಾರ್ಲೊ, ಚಾರ್ಲಿ ಕಾಯ್ಲ್ ಹೋದರು. ಗಡುವು ಮುಗಿಯುವ ಹೊತ್ತಿಗೆ ನಾಯಕ ಬ್ರಾಡ್ ಮಾರ್ಷಾಂಡ್ ಕೂಡ ಹೋದರು. 2006ರಲ್ಲಿ ಡ್ರಾಫ್ಟ್‌ನ 71ನೆಯವರಾಗಿ ಬಂದು, ಬೇರೆ ಯಾವ ತಂಡಕ್ಕೂ ಆಡದೆ ಸಾವಿರಕ್ಕೂ ಹೆಚ್ಚು ಪಂದ್ಯವಾಡಿದವರು ಅವರು, 2011ರ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿ ಉಳಿದಿದ್ದ ಕೊನೆಯ ಆಟಗಾರ. ಒಪ್ಪಂದದ ಮಾತುಕತೆ ಮುರಿದು ಅವರನ್ನು ಕಳಿಸಿದ್ದು ಬೇರೆಲ್ಲಿಗೂ ಅಲ್ಲ, ಎರಡು ವರ್ಷ ಸತತ ಬ್ರೂಯಿನ್ಸ್‌ನ್ನು ಮನೆಗೆ ಕಳಿಸಿದ್ದ ಫ್ಲಾರಿಡಾಕ್ಕೆ. ಜೂನ್‌ನಲ್ಲಿ ಫ್ಲಾರಿಡಾ ಮತ್ತೆ ಕಪ್ ಗೆದ್ದಿತು, ಫೈನಲ್ ಒಂದರಲ್ಲೇ ಮಾರ್ಷಾಂಡ್ ಆರು ಗೋಲು ಹೊಡೆದರು. ಮೂವತ್ತೇಳರ ಆಟಗಾರನಲ್ಲಿ ಇನ್ನೇನು ಉಳಿದಿದೆ ಎಂದು ಅಂದಾಜಿಸಿದವರಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಅವರ ಬದಲಿಗೆ ಮುಂದೆಂದೋ ಮೊದಲ ಸುತ್ತಿನ ಸರದಿಯೊಂದು ಬರಲಿದೆ ಎಂಬುದನ್ನೂ ನ್ಯಾಯಕ್ಕಾಗಿ ಹೇಳುತ್ತೇನೆ. 2025ರ ಜೂನ್‌ನ ಡ್ರಾಫ್ಟ್‌ನಲ್ಲಿ ಏಳನೆಯ ಸರದಿಯಲ್ಲಿ ಬಾಸ್ಟನ್ ಕಾಲೇಜಿನ ಸೆಂಟರ್ ಜೇಮ್ಸ್ ಹೇಗನ್ಸ್ ಸಿಕ್ಕಿದ್ದೂ ಒಳ್ಳೆಯದೇ, ಬರ್ಜೆರಾನ್ ಬಿಟ್ಟುಹೋದ ಜಾಗಕ್ಕೆ ಎರಡು ವರ್ಷ ತಡವಾಗಿಯಾದರೂ ಒಬ್ಬ ಹುಡುಗ ಬಂದಂತಾಯಿತು.

2025ರ ಬೇಸಿಗೆಯಲ್ಲಿ ಕೋಚ್ ಬದಲಾದರು, ಹಿಂದೆ ಇದೇ ತಂಡಕ್ಕೆ ಆಡಿದ್ದ ಮಾರ್ಕೊ ಸ್ಟುರ್ಮ್ ಬಂದರು. ಆಗ ನಾಯಕನಿರಲಿಲ್ಲ. ಇಬ್ಬರು ಗೋಲ್‌ಕೀಪರ್‌ಗಳಲ್ಲಿ ಒಬ್ಬರು ಆಟವಾ ಸೇರಿದ್ದರು, ಇನ್ನೊಬ್ಬರನ್ನು ಪತ್ರಿಕೆಗಳು ಬಯ್ದವು. ಸ್ವೀನಿಯವರ ಒಪ್ಪಂದವನ್ನು ಮಾತ್ರ 2025ರ ಮೇ ತಿಂಗಳಲ್ಲಿ ಇನ್ನೆರಡು ವರ್ಷ ವಿಸ್ತರಿಸಲಾಯಿತು. ನಿಮ್ಮ ಕ್ರೀಡಾ ವಿಭಾಗದವರು ಮುಂದಿನ ಋತುವಿನ ಬಗ್ಗೆ ಬರೆಯುವಾಗ ಸ್ವೇಮನ್ ಅವರ ಸಂಬಳದ ಜೊತೆಗೆ ಈ ಸಂಗತಿಗೂ ಒಂದು ಸಾಲಿನ ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ,
ಬಾಸ್ಟನ್ ಹೊರವಲಯ, ಮ್ಯಾಸಚೂಸೆಟ್ಸ್